ಕಾರಿಗೆ ಪಾಲಿಶ್ ಯಂತ್ರ: ಕೊಳ್ಳುವ ಮುನ್ನ

ಮನೆಗೆ ಒಂದು ಯಂತ್ರವನ್ನು ತರುವಾಗ ಗೃಹಸ್ಥರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ: ಬೆಲೆ ಎಷ್ಟು, ಬಾಳಿಕೆ ಎಷ್ಟು? ಇವೆರಡಕ್ಕೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯುಂಟು: ಈ ಯಂತ್ರವು ಮಾಡುವ ಕೆಲಸವಾದರೂ ಏನು? ಇದಕ್ಕೆ ಸರಿಯಾದ ಉತ್ತರ ದೊರೆಯದೆ ಬೆಲೆಯ ವಿಚಾರವೂ ಬಾಳಿಕೆಯ ವಿಚಾರವೂ ಇತ್ಯರ್ಥವಾಗುವುದಿಲ್ಲ. ಈ ತಿಂಗಳು ಬಂದ ಪತ್ರವೊಂದು ಈ ಮಾತನ್ನು ವಿವರವಾಗಿ ಬರೆಯುವ ಅವಕಾಶವನ್ನು ಒದಗಿಸಿದೆ.

ಪತ್ರ ಬರೆದವರು ನಿವೃತ್ತ ಶಿಕ್ಷಕರು. ನಿವೃತ್ತಿಯ ಕಾಲದಲ್ಲಿ ಕೈಗೆ ಬಂದ ಹಣದ ಒಂದು ಭಾಗವನ್ನು ವಿನಿಯೋಗಿಸಿ ಕಪ್ಪು ಬಣ್ಣದ ಹಳೆಯ ಕಾರೊಂದನ್ನು ಕೊಂಡಿದ್ದಾರೆ. ಪ್ರತಿದಿನ ಬೆಳಿಗ್ಗೆ ತಾವೇ ಒಣಬಟ್ಟೆ ಹಿಡಿದು ಅದರ ಧೂಳನ್ನು ಒರೆಸುತ್ತಾರೆ. ಆದರೂ ಬಿಸಿಲಿನಲ್ಲಿ ನಿಲ್ಲಿಸಿದಾಗ ಬಾನೆಟ್ಟಿನ ಮೇಲೆ ಜೇಡರ ಬಲೆಯಂತೆ ಸುತ್ತುಸುತ್ತಾದ ಸಣ್ಣ ಗೀರುಗಳು ಕಾಣುತ್ತವೆ. ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿರುವ ಮಗ ಪಾಲಿಶ್ ಯಂತ್ರವನ್ನು ಕೊಡಿಸಬೇಕೆಂದು ಕೇಳುತ್ತಿದ್ದಾನೆ. ನಮ್ಮ ಕಾರಿಗೂ ಆಯಿತು, ಓಣಿಯವರ ಕಾರುಗಳಿಗೆ ಮಾಡಿಕೊಟ್ಟರೆ ನಾಲ್ಕು ಕಾಸು ಸಂಪಾದನೆಯೂ ಆಯಿತು ಎಂಬುದು ಅವನ ವಾದ. ಇದು ದುಂದೋ ದುಡಿಮೆಯೋ ತಿಳಿಯದೆ ತಂದೆ ಬೇಡವೆಂದಿದ್ದಾರೆ. ಅಂದಿನಿಂದ ತಂದೆಮಕ್ಕಳ ನಡುವೆ ಮಾತು ಕಡಿಮೆಯಾಗಿದೆಯಂತೆ.

ಮೊದಲು ಯಂತ್ರದ ಕೆಲಸವನ್ನು ತಿಳಿಯೋಣ. ಪಾಲಿಶ್ ಮಾಡುವುದೆಂದರೆ ಕಾರಿಗೆ ಹೊಳಪನ್ನು ಹಚ್ಚುವುದು ಎಂದು ಅನೇಕರು ಭಾವಿಸಿರುತ್ತಾರೆ. ವಾಸ್ತವದಲ್ಲಿ ಅದು ಹಚ್ಚುವ ಕೆಲಸವಲ್ಲ, ತೆಗೆಯುವ ಕೆಲಸ. ಇಂದಿನ ಕಾರಿನ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತವೆ. ಇವೆಲ್ಲ ಸೇರಿ ಸಾಮಾನ್ಯವಾಗಿ ೧೦೦ರಿಂದ ೧೫೦ ಮೈಕ್ರಾನ್ ದಪ್ಪ. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗ. ಇದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು ೪೦ ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪವೇ ೭೦ ಮೈಕ್ರಾನಿನ ಆಸುಪಾಸು ಎಂದರೆ ಈ ಪದರ ಎಷ್ಟು ತೆಳುವೆಂಬುದನ್ನು ಊಹಿಸಬಹುದು. ಬಿಸಿಲಿನಲ್ಲಿ ಕಾಣುವ ಗೀರುಗಳು ಬಹುಮಟ್ಟಿಗೆ ಈ ಪದರದ ಮೇಲ್ಮೈಯಲ್ಲಿಯೇ ಇರುತ್ತವೆ. ಪಾಲಿಶ್ ದ್ರವ್ಯದಲ್ಲಿರುವ ನುಣುಪಾದ ಉಜ್ಜುಪುಡಿಯು ಗೀರಿನ ಸುತ್ತಲಿನ ಭಾಗವನ್ನು ಸವೆಸಿ, ಗೀರಿನ ತಳದ ಮಟ್ಟಕ್ಕೆ ತರುತ್ತದೆ. ಗೀರು ಮಾಯವಾದಂತೆ ಕಾಣುವುದು ಇದರಿಂದ. ಹಗುರವಾದ ಪಾಲಿಶಿಗೆ ಒಂದೆರಡು ಮೈಕ್ರಾನ್ ಹೋಗಬಹುದು. ಗ್ಯಾರೇಜುಗಳಲ್ಲಿ ರಬ್ಬಿಂಗ್ ಎಂದು ಕರೆಯುವ ಒರಟು ಉಜ್ಜುವಿಕೆಗೆ ಅದಕ್ಕಿಂತ ಹೆಚ್ಚು. ಹೋದದ್ದು ಮರಳಿ ಬರುವುದಿಲ್ಲ.

ನಮ್ಮ ಮನೆಗಳಲ್ಲಿ ಹಿತ್ತಾಳೆಯ ತಂಬಿಗೆಯನ್ನು ಹುಣಸೆಹುಳಿಯಿಂದ ತಿಕ್ಕಿ ಬೆಳಗುವ ರೂಢಿಯಿದೆ. ತಂಬಿಗೆಯು ಒಳಗೂ ಹೊರಗೂ ಹಿತ್ತಾಳೆಯೇ ಆಗಿರುವುದರಿಂದ ಎಷ್ಟು ವರ್ಷ ಬೆಳಗಿದರೂ ಹಿತ್ತಾಳೆಯೇ ಉಳಿಯುತ್ತದೆ. ಕಾರಿನ ಹೊಳಪನ್ನು ಚಿನ್ನದ ಮುಲಾಮು ಹಾಕಿದ ಬಳೆಗೆ ಹೋಲಿಸುವುದು ಹೆಚ್ಚು ಯುಕ್ತ. ಮುಲಾಮಿನ ಬಳೆಯನ್ನು ಯಾರೂ ತಿಂಗಳಿಗೊಮ್ಮೆ ತಿಕ್ಕುವುದಿಲ್ಲ. ಅಲ್ಲದೆ ಬಿಸಿಲಿನ ಅತಿನೇರಳೆ ಕಿರಣಗಳಿಂದ ಬಣ್ಣವನ್ನು ಕಾಪಾಡುವ ಹೊಣೆಯೂ ಕ್ಲಿಯರ್ ಕೋಟಿನದೇ. ಅದು ಅತಿಯಾಗಿ ಸವೆದರೆ ಕೆಲವು ವರ್ಷಗಳಲ್ಲಿ ಮಂಕಾಗಿ ಹೊಪ್ಪಳಿಕೆಯಂತೆ ಏಳತೊಡಗುತ್ತದೆ. ಆಗ ಪಾಲಿಶ್ ಪ್ರಯೋಜನಕ್ಕೆ ಬಾರದು. ಹೊಸದಾಗಿ ಬಣ್ಣವನ್ನೇ ಹೊಡೆಸಬೇಕಾಗುತ್ತದೆ.

ಹೀಗಿರುವಲ್ಲಿ ಗೀರುಗಳು ಬಂದದ್ದೆಲ್ಲಿಂದ ಎಂಬುದನ್ನು ವಿಚಾರಿಸುವುದು ಅಗತ್ಯ. ಶಿಕ್ಷಕರು ಅನ್ಯಥಾ ಭಾವಿಸಬಾರದು. ಪ್ರತಿದಿನ ಬೆಳಿಗ್ಗೆ ಅವರು ಹಿಡಿಯುವ ಒಣಬಟ್ಟೆಯೇ ಇದಕ್ಕೆ ಮುಖ್ಯ ಕಾರಣವಾಗಿರುವ ಸಂಭವ ಹೆಚ್ಚು. ಧೂಳೆಂದರೆ ಸಣ್ಣ ಮರಳು. ಒಣಬಟ್ಟೆಯಿಂದ ಅದನ್ನು ಎಳೆದಾಗ ಪ್ರತಿಯೊಂದು ಕಣವೂ ತನ್ನ ಗೆರೆಯನ್ನು ಬಿಟ್ಟು ಹೋಗುತ್ತದೆ. ಬಿಳಿಯ ಕಾರಿನಲ್ಲಿ ಅದು ಕಣ್ಣಿಗೆ ಬೀಳದಿರಬಹುದು. ಕಪ್ಪು ಬಣ್ಣ ಏನನ್ನೂ ಮುಚ್ಚಿಡುವುದಿಲ್ಲ. ಈ ರೂಢಿಯನ್ನು ಬಿಡದೆ ಯಂತ್ರವನ್ನು ತಂದರೆ ಇಂದು ತೆಗೆದ ಗೀರು ನಾಳೆ ಮತ್ತೆ ಬೀಳುತ್ತದೆ. ಅದನ್ನು ತೆಗೆಯಲು ಮತ್ತೆ ಯಂತ್ರ. ತಂದೆಯ ಶ್ರದ್ಧೆ ಗೀರನ್ನು ಹಾಕುತ್ತಿರಲು, ಮಗನ ಶ್ರದ್ಧೆ ಪದರವನ್ನು ಸವೆಸುತ್ತಿರಲು, ಕಾರು ಇಬ್ಬರ ನಡುವೆ ಸವೆಯುವುದು.

ಆದುದರಿಂದ ಮೊದಲ ಎರಡು ತಿಂಗಳು ಕಾರನ್ನು ತೊಳೆಯುವ ಕ್ರಮವನ್ನು ತಿದ್ದಿಕೊಳ್ಳಬೇಕು. ಒಣ ಧೂಳನ್ನು ಒರೆಸಲೇಬಾರದು. ವಾರಕ್ಕೊಮ್ಮೆ ನೆರಳಿನಲ್ಲಿ ನಿಲ್ಲಿಸಿ, ಮೊದಲು ನೀರು ಹೊಯ್ದು ಧೂಳನ್ನು ಇಳಿಸಬೇಕು. ಎರಡು ಬಕೆಟ್ಟುಗಳನ್ನಿಟ್ಟುಕೊಂಡು, ಒಂದರಲ್ಲಿ ಕಾರಿನ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬಟ್ಟೆಯನ್ನು ಅಲುಬಲು ಬರಿಯ ನೀರು ಇರಲಿ. ಮೇಲಿನಿಂದ ಕೆಳಕ್ಕೆ ತೊಳೆದು, ಕೆಸರು ಹೆಚ್ಚಿರುವ ಕೆಳಭಾಗವನ್ನು ಕೊನೆಗೆ ಮುಟ್ಟಬೇಕು. ಬೋರ್‌ವೆಲ್ಲಿನ ಗಡಸು ನೀರು ಮೈಮೇಲೆಯೇ ಒಣಗಿದರೆ ಬಿಳಿಯ ಕಲೆಗಳು ಉಳಿಯುವುದರಿಂದ ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯಿಂದ ಕೂಡಲೇ ತೇವವನ್ನು ತೆಗೆಯಬೇಕು. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ.

ಆಮೇಲೆ ಉಳಿದ ಗೀರುಗಳನ್ನು ಪರೀಕ್ಷಿಸಬೇಕು. ಗೀರಿನ ಮೇಲೆ ಉಗುರನ್ನು ಅಡ್ಡಲಾಗಿ ಮೆಲ್ಲನೆ ಆಡಿಸಿದಾಗ ಉಗುರು ಸಿಕ್ಕಿಕೊಂಡರೆ ಆ ಗೀರು ಆಳವಾದದ್ದು. ಯಾವ ಯಂತ್ರದಿಂದಲೂ ಅದನ್ನು ಪೂರ್ತಿ ತೆಗೆಯುವ ಸಾಹಸಕ್ಕೆ ಕೈಹಾಕಬಾರದು. ಸಿಕ್ಕಿಕೊಳ್ಳದಿದ್ದರೆ ಗೇಣಗಲದ ಜಾಗದಲ್ಲಿ ನುಣುಪಾದ ಪಾಲಿಶನ್ನು ಬಿಳಿಯ ಬಟ್ಟೆಯಿಂದ ಕೈಯಲ್ಲೇ ತಿಕ್ಕಿ ನೋಡಬಹುದು. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಅಲ್ಲಿ ಕ್ಲಿಯರ್ ಕೋಟ್ ಇಲ್ಲವೆಂದು ತಿಳಿಯಬೇಕು. ಹಳೆಯ ಕಾಲದ ಏಕಪದರದ ಬಣ್ಣವಿರಬಹುದು, ಇಲ್ಲವೇ ಮೇಲಿನ ಪದರ ಆಗಲೇ ಸವೆದಿರಬಹುದು. ಮತ್ತೊಬ್ಬರಿಂದ ಕೊಂಡ ಕಾರಿನಲ್ಲಿ ಈ ಎಚ್ಚರಿಕೆ ವಿಶೇಷವಾಗಿ ಬೇಕು. ಹಿಂದಿನವರು ಎಷ್ಟು ಬಾರಿ ಉಜ್ಜಿಸಿದ್ದಾರೆಂಬುದು ನಮಗೆ ತಿಳಿದಿರುವುದಿಲ್ಲ.

ಇನ್ನು ಯಂತ್ರದ ವಿಚಾರ. ಇದರಲ್ಲಿ ಎರಡು ಜಾತಿಗಳುಂಟು. ರೋಟರಿ ಎಂಬುದರ ಪ್ಯಾಡು ಒಂದೇ ಅಚ್ಚಿನ ಸುತ್ತ ತಿರುಗುತ್ತದೆ. ಅದರ ಕೆಲಸ ಬಿರುಸು. ಆದರೆ ಒಂದೆಡೆ ತುಸು ಹೆಚ್ಚು ಹೊತ್ತು ನಿಂತರೆ ಕಾವು ಏರಿ ಬಣ್ಣ ಸುಡುತ್ತದೆ, ಅಂಚುಗಳಲ್ಲಿ ಕ್ಷಣಮಾತ್ರದಲ್ಲಿ ಪ್ರೈಮರ್ ಕಾಣಿಸಿಕೊಳ್ಳಬಹುದು. ಡ್ಯುಯಲ್ ಆ್ಯಕ್ಷನ್ ಎಂಬುದರ ಪ್ಯಾಡು ತಾನೂ ತಿರುಗುತ್ತ, ಬುಗುರಿಯು ಓಲಾಡುವಂತೆ ಸಣ್ಣ ವರ್ತುಲದಲ್ಲಿಯೂ ಸುತ್ತುತ್ತದೆ. ಇದರಲ್ಲಿ ಕಾವು ಒಂದೆಡೆ ನಿಲ್ಲದಿರುವುದರಿಂದ ಕಲಿಯುವವನ ಕೈಗೆ ಇದೇ ಲೇಸು. ಬೆಲೆ ಉಳಿಯಿತೆಂದು ಕಬ್ಬಿಣ ಕೊಯ್ಯುವ ಗ್ರೈಂಡರಿಗೆ ಸ್ಪಂಜು ಸಿಕ್ಕಿಸಿ ಉಜ್ಜುವವರೂ ಉಂಟು. ಸಣ್ಣ ಗ್ರೈಂಡರು ನಿಮಿಷಕ್ಕೆ ಸುಮಾರು ೧೦,೦೦೦ ಸುತ್ತು ತಿರುಗುತ್ತದೆ; ರೋಟರಿ ಪಾಲಿಶ್ ಯಂತ್ರಕ್ಕೆ ೩,೦೦೦ ಸುತ್ತೇ ಹೆಚ್ಚಿನದು. ಕಾರಿಗೂ ಕೈಗೂ ಅಪಾಯಕರವಾದ ಈ ಉಪಾಯವನ್ನು ಯಾರೂ ಮಾಡಬಾರದು.

ಒಂದೇ ಕಾರಿರುವ ಮನೆಗೆ ಎರಡು ಮೂರು ವರ್ಷಗಳಿಗೊಮ್ಮೆ ಹಗುರವಾದ ಪಾಲಿಶ್ ಮಾಡಿಸಿದರೆ ಸಾಕು. ಅದಕ್ಕಾಗಿ ಯಂತ್ರವನ್ನು ಕೊಂಡರೆ ಅದು ಬಹುಕಾಲ ಅಟ್ಟದ ಮೇಲೆಯೇ ಇರುತ್ತದೆ. ಹಣ ಹಾಕಿದ್ದೇವಲ್ಲ ಎಂಬ ಕಾರಣಕ್ಕೆ ಬೇಡದಿದ್ದರೂ ಅದನ್ನು ಇಳಿಸಿ ಕಾರನ್ನು ಉಜ್ಜುವ ಮನಸ್ಸಾದರೆ ಅದು ಇನ್ನೂ ಕೇಡು. ಜೊತೆಗೆ ಪ್ಯಾಡು, ಪಾಲಿಶ್, ಬಟ್ಟೆಗಳ ಖರ್ಚು ಬೇರೆ. ಕೇವಲ ಮನೆಯ ಕಾರಿಗಾಗಿ ಕೊಳ್ಳುವುದು ಬೇಡ. ಕೆಲಸ ಬಲ್ಲವರಿಂದ ಮಾಡಿಸುವುದೇ ಅಗ್ಗ.

ಆದರೆ ಮಗನ ಮಾತಿನ ಉತ್ತರಾರ್ಧವನ್ನು ತಳ್ಳಿಹಾಕುವಂತಿಲ್ಲ. ಓದಿದ ಹುಡುಗ ಕೈಯಲ್ಲಿ ಮಾಡುವ ಕೆಲಸವನ್ನು ಬಯಸಿ ಕೇಳುತ್ತಿರುವಾಗ ಹಿರಿಯರು ಮುಖ ತಿರುಗಿಸುವುದು ಸಲ್ಲದು. ಅವನು ಮೊದಲು ಒಳ್ಳೆಯ ಕೆಲಸಗಾರರ ಬಳಿ ಕೆಲವು ವಾರ ನಿಂತು ಕಲಿಯಲಿ. ಗುಜರಿಯಲ್ಲಿ ಸಿಗುವ ಹಳೆಯ ಬಾನೆಟ್ಟೊಂದನ್ನು ತಂದು, ಎಲ್ಲಿ ಹೇಗೆ ಬಣ್ಣ ಸುಡುತ್ತದೆಂಬುದನ್ನು ಅದರ ಮೇಲೆ ಕಣ್ಣಾರೆ ಕಾಣಲಿ. ನೆರೆಯವರ ಕಾರಿನ ಪದರವೂ ನಮ್ಮದರಷ್ಟೇ ತೆಳುವು. ಕೆಟ್ಟರೆ ತುಂಬಿಕೊಡುವ ಹೊಣೆ ತನ್ನದೆಂಬುದು ಅವನಿಗೆ ಮನದಟ್ಟಾಗಲಿ. ಆಮೇಲೂ ಮನಸ್ಸು ನಿಂತರೆ ತಂದೆಯವರು ಡ್ಯುಯಲ್ ಆ್ಯಕ್ಷನ್ ಯಂತ್ರವನ್ನು ಕೊಡಿಸಬಹುದು. ಆ ಹಣವನ್ನು ಸಾಲವೆಂದು ಪುಸ್ತಕದಲ್ಲಿ ಬರೆದು, ದುಡಿಮೆಯಿಂದ ತಿಂಗಳು ತಿಂಗಳು ತೀರಿಸುವಂತೆ ಮಾಡಿದರೆ ದುಂದೋ ದುಡಿಮೆಯೋ ಎಂಬ ಸಂದೇಹಕ್ಕೆ ಆ ಲೆಕ್ಕವೇ ಉತ್ತರ ಹೇಳುತ್ತದೆ.

ಸದ್ಯಕ್ಕೆ ಶಿಕ್ಷಕರು ಮಾಡಬಹುದಾದ ಕೆಲಸವೊಂದಿದೆ. ಬರುವ ಭಾನುವಾರ ಮಗನನ್ನು ಕರೆದು, ಎರಡು ಬಕೆಟ್ಟುಗಳನ್ನು ಹಿಡಿದು, ಇಬ್ಬರೂ ಕೂಡಿ ಕಾರನ್ನು ತೊಳೆಯಲಿ. ಯಂತ್ರದ ಮಾತನ್ನು ಆಗ ಸಾವಕಾಶವಾಗಿ ಆಡಬಹುದು.