ಯಜಮಾನರನ್ನು ಕಳಿಸಿ ಮೇಡಂ

"ಸಾರ್ ಬಂದಿಲ್ವಾ ಮೇಡಂ? ಅವರನ್ನೇ ಕಳಿಸಿ, ಅವರಿಗೆ ಹೇಳ್ತೀನಿ."

ತುಮಕೂರು ರಸ್ತೆಯ ಒಂದು ಸರ್ವಿಸ್ ಸೆಂಟರಿನಲ್ಲಿ ಬಿಲ್ಲು ಹಿಡಿದು ನಿಂತಿದ್ದ ನನಗೆ ಸಿಕ್ಕ ಉತ್ತರ ಇದು. ನಾನು ಕೇಳಿದ್ದು ಒಂದೇ ಪ್ರಶ್ನೆ: "ಬ್ರೇಕ್ ಆಯಿಲ್ ಬದಲಾಯಿಸಿದ್ದೀವಿ ಅಂತ ಬಿಲ್ಲಿನಲ್ಲಿ ದುಡ್ಡು ಹಾಕಿದ್ದೀರಲ್ಲ, ಡಬ್ಬಿಯಲ್ಲಿರೋದು ಯಾಕೆ ಡಿಕಾಕ್ಷನ್ ಬಣ್ಣಕ್ಕಿದೆ?"

ಕಾರು ನನ್ನದು. ಸಾಲದ ಕಂತು ಕಟ್ಟುವುದು ನನ್ನ ಸಂಬಳದಿಂದ. ದಿನವೂ ಪೀಣ್ಯದ ಆಫೀಸಿಗೆ ಓಡಿಸಿಕೊಂಡು ಹೋಗುವವಳು ನಾನು. ನಮ್ಮ ಯಜಮಾನರಿಗೆ ಸೈಕಲ್ ಬಿಟ್ಟರೆ ಬೇರೆ ವಾಹನ ಬಾರದು. ಆದರೂ ಬ್ರೇಕಿನ ವಿಷಯ ಅವರಿಗೇ ಹೇಳಬೇಕಂತೆ!

ಬೇರೆ ದಿನವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆನೇನೋ. ಆದರೆ ಹಿಂದಿನ ಭಾನುವಾರವಷ್ಟೇ ನಂದಿಬೆಟ್ಟ ಇಳಿಯುವಾಗ ನನ್ನ ಜೀವ ಬಾಯಿಗೆ ಬಂದಿತ್ತು. ಹಿಂದಿನ ಸೀಟಿನಲ್ಲಿ ಅತ್ತೆ, ಪಕ್ಕದಲ್ಲಿ ಮಗಳು. ತಿರುವಿನ ಮೇಲೆ ತಿರುವು ಇಳಿಯುತ್ತ ಬಂದಂತೆ ಪೆಡಲ್ಲು ಕಲಸಿದ ಹಿಟ್ಟಿನೊಳಗೆ ಕಾಲಿಟ್ಟ ಹಾಗೆ ಮೆತ್ತಗೆ ಒಳಕ್ಕೆ ಹೋಯಿತು. ಗೇರು ಇಳಿಸಿ, ಹ್ಯಾಂಡ್ ಬ್ರೇಕನ್ನು ಮೆಲ್ಲಮೆಲ್ಲನೆ ಎಳೆದು ಹೇಗೋ ಅಂಚಿಗೆ ನಿಲ್ಲಿಸಿದೆ. ಅರ್ಧ ಗಂಟೆ ಬಿಟ್ಟು ಒತ್ತಿದರೆ ಪೆಡಲ್ಲು ಮತ್ತೆ ಗಟ್ಟಿ! "ದೇವರು ಕಾಪಾಡಿದ" ಎಂದರು ಅತ್ತೆ. ಕಾಪಾಡಿದ್ದು ದೇವರೇ ಇರಲಿ. ಕೆಡಿಸಿದ್ದು ಮಾತ್ರ ದೇವರಲ್ಲ.

ನಾವು ಬ್ರೇಕ್ ಆಯಿಲ್ ಎನ್ನುತ್ತೇವೆ, ಆದರೆ ಅದು ಎಣ್ಣೆಯೇ ಅಲ್ಲ. ಮಳೆಗಾಲದಲ್ಲಿ ಮುಚ್ಚಳ ಸರಿಯಾಗಿ ಹಾಕದ ಉಪ್ಪಿನ ಭರಣಿ ಏನಾಗುತ್ತದೆ, ನಮಗೆ ಗೊತ್ತಲ್ಲ? ಈ ದ್ರವದ ಗುಣವೂ ಅದೇ, ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಎಂಬ ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಷಿಯಸ್‌ವರೆಗೂ ಕುದಿಯಬಾರದು. ಸುಮಾರು 3.7 ಶೇಕಡಾ ನೀರು ಸೇರಿತೆಂದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕು ಕಾದು ದ್ರವ ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿದರೆ ಕುಗ್ಗದು, ಆವಿ ಕುಗ್ಗುತ್ತದೆ. ನಮ್ಮ ಕಾಲಿನ ಬಲವೆಲ್ಲ ಗುಳ್ಳೆ ಹಿಸುಕುವುದರಲ್ಲೇ ಮುಗಿದು, ಗಾಲಿಗೆ ತಲುಪುವುದೇ ಇಲ್ಲ. ತಣ್ಣಗಾದರೆ ಗುಳ್ಳೆ ಮಾಯ, ಸಾಕ್ಷಿಯೂ ಮಾಯ. ಅದಕ್ಕೇ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಇದನ್ನು ಬದಲಿಸಿ ಎನ್ನುವುದು.

ಮೇಲೆ ಗಟ್ಟಿಯಾಗಿ ಕಂಡರೆ ಒಳಗೂ ಗಟ್ಟಿ ಎಂದು ನಂಬುವವರಿಗೆ ನಮ್ಮ ಪೀಣ್ಯದ ಮೇಲ್ಸೇತುವೆಯೇ ಪಾಠ. 2021ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಿದಾಗ ಕೆಟ್ಟಿದ್ದದ್ದು ಕಣ್ಣಿಗೆ ಕಾಣದ ಒಳಗಿನ ಕೇಬಲ್ಲು. ಲಾರಿಗಳು ಮತ್ತೆ ಅದರ ಮೇಲೆ ಹತ್ತಿದ್ದು 2024ರಲ್ಲಿ.

ಎರಡನೆಯ ಹೆದರಿಕೆ ಇನ್ನೊಂದಿದೆ: "ಎಬಿಎಸ್ ಗಾಡಿ ಮೇಡಂ, ಕಂಪ್ಯೂಟರ್ ಬೇಕು." ಇದು ಅರ್ಧ ಸತ್ಯ. ಜೋರಾಗಿ ಬ್ರೇಕು ಒತ್ತಿದಾಗ ಗಾಲಿ ಕಚ್ಚಿಕೊಂಡು ಜಾರದಂತೆ, ಸೆಕೆಂಡಿಗೆ ಹಲವು ಸಲ ಒತ್ತಡವನ್ನು ಬಿಟ್ಟು ಹಿಡಿಯುವ ವಾಲ್ವುಗಳೂ ಪಂಪೂ ಇರುವ ಪೆಟ್ಟಿಗೆ ಅದು. ಅದರೊಳಗೆ ಗಾಳಿ ಹೊಕ್ಕರೆ ಕಂಪ್ಯೂಟರ್ ಜೋಡಿಸಿ ಪಂಪು ಓಡಿಸಿಯೇ ತೆಗೆಯಬೇಕಾದೀತು. ಕೆಲವು ಕಾರುಗಳಿಗೆ ಮೊದಲಿಂದಲೂ ಅದು ಬೇಕು. ಆದರೆ ಮೇಲಿನ ಡಬ್ಬಿ ಬರಿದಾಗಲು ಬಿಡದೆ ಹಳೆಯದನ್ನು ಹೊಸದರಿಂದ ತಳ್ಳುವ ಸಾಧಾರಣ ಕೆಲಸಕ್ಕೆ ಬಹಳಷ್ಟು ಕಾರುಗಳಲ್ಲಿ ಪೆಡಲ್ಲೇ ಸಾಕು.

ನನ್ನ ತಮ್ಮ ಪೀಣ್ಯದ ಒಂದು ಟೂಲ್ ರೂಮಿನಲ್ಲಿದ್ದಾನೆ. ಭಾನುವಾರ ಸೀಲು ಒಡೆಯದ ಹೊಸ ಡಬ್ಬಿ ತಂದ. "ಅಕ್ಕಾ, ನೀನು ಒಳಗೆ ಕೂತು ಪೆಡಲ್ ಒತ್ತು, ಸ್ಪ್ಯಾನರ್ ನಾನು ನೋಡ್ಕೋತೀನಿ" ಎಂದ. "ಪೆಡಲ್ ನೀನು ಒತ್ತಪ್ಪ" ಎಂದು ಅವನನ್ನೇ ಒಳಗೆ ಕೂರಿಸಿದೆ. ಗಾಲಿಗೆ ಕಲ್ಲು ಕೊಟ್ಟು, ಜಾಕನ್ನು ನಂಬದೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆವು. ಡಬ್ಬಿಯ ಹಳೆಯ ದ್ರವವನ್ನು ಸಿರಿಂಜಿನಿಂದ ಹೀರಿ ಹೊಸದು ತುಂಬಿದೆವು. ಸರ್ವಿಸ್ ಪುಸ್ತಕದ ಕ್ರಮದಂತೆ ದೂರದ ಹಿಂದಿನ ಎಡಗಾಲಿ ಮೊದಲು. ತಿರುಪಿಗೆ ಪಾರದರ್ಶಕ ಪೈಪು, ಪೈಪಿನ ತುದಿ ಬಾಟಲಿಯಲ್ಲಿ. ಅವನು ಒತ್ತಿ ಹಿಡಿದಾಗ ತಿರುಪು ಬಿಚ್ಚುವುದು, ಅವನು ಕಾಲು ತೆಗೆಯುವ ಮೊದಲೇ ಮುಚ್ಚುವುದು. ಐದಾರು ಸಲಕ್ಕೊಮ್ಮೆ ಮಗಳು ಡಬ್ಬಿ ತುಂಬುವುದು. ಪೈಪಿನಲ್ಲಿ ಮೊದಲು ಬಂದದ್ದು ಅದೇ ಡಿಕಾಕ್ಷನ್, ಕೊನೆಗೆ ತಿಳಿ ಹಳದಿ. ಎರಡು ಗಂಟೆಯ ಕೆಲಸ. ಪೇಂಟಿನ ಮೇಲೆ ಬಿದ್ದ ಹನಿಗೆ ಕೂಡಲೇ ನೀರು ಸುರಿದದ್ದೊಂದೇ ಗಡಿಬಿಡಿ.

ಹೆಂಗಸರ ಕೈಗೆ ಯಂತ್ರ ಒಗ್ಗದು ಎಂಬ ಮಾತು ಬೇರೆಲ್ಲಾದರೂ ಸರಿ, ಈ ಪೀಣ್ಯ ಜಾಲಹಳ್ಳಿಯ ಕಡೆ ಹೇಗೆ ಹುಟ್ಟಿತೋ! 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಶುರುವಾದ ಎಚ್‌ಎಂಟಿ ಗಡಿಯಾರದ ಕಾರ್ಖಾನೆಯಲ್ಲಿ, ಕಣ್ಣಿಗೆ ಲೆನ್ಸು ಕಟ್ಟಿಕೊಂಡು ಕೂದಲೆಳೆಯ ಸ್ಪ್ರಿಂಗು ಕೂರಿಸಿದವರು ಹೆಂಗಸರೇ ಅಲ್ಲವೆ? ಇವತ್ತೂ ಇಲ್ಲಿನ ಗಾರ್ಮೆಂಟ್ಸ್‌ನಲ್ಲಿ ಮೋಟಾರು ಹೊಲಿಗೆ ಯಂತ್ರಗಳ ಮುಂದೆ ಕೂತವರು ಯಾರು? ಕಂಪನಿಗೆ ಲಾಭವಾಗುವಾಗ ನಮ್ಮ ಬೆರಳು ನಾಜೂಕು, ನಮ್ಮ ಜೀವದ ಪ್ರಶ್ನೆ ಬಂದಾಗ ಅದೇ ಬೆರಳು ನಾಲಾಯಕ್ಕು!

ಎಲ್ಲರೂ ಕಾರಿನಡಿ ನುಸುಳಿ ಎಂದು ನಾನು ಹೇಳುತ್ತಿಲ್ಲ. ಬ್ರೇಕು ಹುಡುಗಾಟದ ವಸ್ತುವಲ್ಲ. ಕೆಲಸ ಮುಗಿದ ಮೇಲೆ ಪೆಡಲ್ಲು ಮೆತ್ತಗಿದ್ದರೆ ಕಾರನ್ನು ಒಂದಡಿಯೂ ಕದಲಿಸದೆ ಬಲ್ಲವರನ್ನು ಕರೆಸಬೇಕು. ಆದರೆ ಬಾನೆಟ್ಟು ಎತ್ತಿ ಬಣ್ಣ ನೋಡುವುದಕ್ಕೆ, ಯಾವ ದರ್ಜೆ ಎಂದು ಮುಚ್ಚಳದ ಮೇಲೆ ಓದುವುದಕ್ಕೆ, ಕೊನೆಯ ಸಲ ಬದಲಿಸಿದ ತಾರೀಖು ಕ್ಯಾಲೆಂಡರಿನಲ್ಲಿ ಬರೆದಿಡುವುದಕ್ಕೆ, "ನನ್ನೆದುರೇ ಬದಲಿಸಿ" ಎನ್ನುವುದಕ್ಕೆ ಯಾವ ಸ್ಪ್ಯಾನರೂ ಬೇಡ. ಹಾಲಿಗೆ ನೀರು ಬೆರೆತದ್ದನ್ನು ಕಂಡುಹಿಡಿಯುವ ನಾವು ಇಲ್ಲಿ ಮಾತ್ರ ಕಣ್ಣು ಮುಚ್ಚಿಕೊಳ್ಳುವುದೇಕೆ?

ಮುಂದಿನ ಸರ್ವಿಸಿಗೆ ಬೇರೆ ಕಡೆ ಹೋದೆ. ಹುಡುಗ ಡಬ್ಬಿ ನೋಡಿ, "ಆಯಿಲ್ ಹೊಸದಿದೆ, ಯಾರು ಹಾಕಿದ್ದು ಮೇಡಂ?" ಎಂದ.

"ಕಾರಿನ ಯಜಮಾನರೇ" ಎಂದೆ.

"ಅವರು ಬಂದಿದಾರಾ?" ಎಂದು ಆಚೀಚೆ ನೋಡಿದ.

"ಎದುರಿಗೇ ನಿಂತಿದಾರಲ್ಲಪ್ಪ!"