ಹತ್ತು ಕುರಿ ಕೊಳ್ಳುವ ಮುಂಚೆ ಒಂದು ಬೇಲಿ ಹಾಕಿ

ಹೊರನಾಡಿನಲ್ಲಿ ನಾಲ್ಕು ಜನ ಕನ್ನಡಿಗರು ಒಂದು ಕಡೆ ಸೇರಿದರೆ, ಊಟದ ಎಲೆ ಎತ್ತುವ ಹೊತ್ತಿಗೆ ಮಾತು ಒಂದೇ ಕಡೆ ಬಂದು ನಿಲ್ಲುತ್ತದೆ. ರಿಟೈರ್ ಆದಮೇಲೆ ಏನು? ಹೌರಾಕ್ಕೆ ಬಂದು ಇಪ್ಪತ್ತೆಂಟು ವರ್ಷವಾಯಿತು, ಈ ಪ್ರಶ್ನೆ ಬದಲಾಗಿಲ್ಲ. ಉತ್ತರ ಮಾತ್ರ ಬದಲಾಗಿದೆ. ಮೊದಲು ಸೈಟು, ಆಮೇಲೆ ತೆಂಗಿನ ತೋಟ, ಈಗ ಕುರಿ! "ಊರಲ್ಲಿ ಎರಡೆಕರೆ ಸುಮ್ಮನೆ ಬಿದ್ದಿದೆ ಕಣ್ರೀ, ಕುರಿ ಬಿಟ್ಟರೆ ತಾನೇ ಮೇಯ್ಕೊಂಡು ಇರುತ್ತೆ" ಅನ್ನುತ್ತಾರೆ. ಅಂದು ಮೊಬೈಲ್ ತೆಗೆದು ಕರಿ ತಲೆಯ, ಬಿಳಿ ಮೈಯ ಡಾರ್ಪರ್ ಟಗರಿನ ವೀಡಿಯೋ ತೋರಿಸುತ್ತಾರೆ. "ಒಂದೊಂದು ನೂರು ಕಿಲೋ ದಾಟುತ್ತಂತೆ, ಭಾರೀ ಗಟ್ಟಿ ತಳಿಯಂತೆ!"

ಗಟ್ಟಿ ತಳಿ ಅನ್ನೋದೇನೋ ಸರಿ. ಆದರೆ ಎಲ್ಲಿ ಗಟ್ಟಿ? ಡಾರ್ಪರ್ ಅನ್ನು 1930ರ ದಶಕದಲ್ಲಿ ದಕ್ಷಿಣ ಆಫ್ರಿಕಾದವರು ತಮ್ಮ ಒಣ ಸೀಮೆಗಾಗಿ ಕಟ್ಟಿದರು. ಡಾರ್ಸೆಟ್ ಹಾರ್ನ್ ಎಂಬ ಇಂಗ್ಲೆಂಡಿನ ತಳಿಯನ್ನು ಬ್ಲ್ಯಾಕ್‌ಹೆಡ್ ಪರ್ಷಿಯನ್ ಜೊತೆ ಕೂಡಿಸಿ ಮಾಡಿದ್ದು. ಅಲ್ಲಿನ ಬಯಲಿಗೆ ಅದು ಗಟ್ಟಿ. ನಮ್ಮ ಜಡಿಮಳೆಗೆ, ಕೆಸರಿಗೆ, ಊರಿನ ರೋಗಗಳಿಗೆ ಗಟ್ಟಿಯೋ ಇಲ್ಲವೋ ಎಂದು ಪರೀಕ್ಷೆ ಮಾಡೋದು ನಿಮ್ಮ ಪಿ.ಎಫ್. ಹಣದಲ್ಲಿ ಅನ್ನೋದನ್ನು ಮರೀಬೇಡಿ.

ಇಲ್ಲೇ ಪಕ್ಕದ ಸುಂದರಬನದ ಗರೋಲ್ ಕುರಿಯನ್ನು ನೋಡಿ. ಸೀಲ್ದಾದಿಂದ ಕ್ಯಾನಿಂಗ್ ಲೋಕಲ್ ಹಿಡಿದು ಆ ಕಡೆ ಹೋದವರು ಏರಿಯ ಮೇಲೆ ಮೇಯುವ ಈ ಕುಳ್ಳ ಕುರಿಗಳನ್ನು ಕಂಡಿರುತ್ತೀರಿ. ಬೆಳೆದ ಹೆಣ್ಣು ಕುರಿ ಹತ್ತು ಹದಿನಾಲ್ಕು ಕಿಲೋ ಅಷ್ಟೇ. ನಮ್ಮ ಬನ್ನೂರು ಕುರಿಯ ಪಕ್ಕ ನಿಲ್ಲಿಸಿದರೆ ಮರಿ ಅಂದುಕೊಳ್ಳಬೇಕು. ಆದರೆ ಉಪ್ಪುನೆಲದಲ್ಲಿ, ಮೊಣಕಾಲುದ್ದ ನೀರಿನಲ್ಲಿ ನಿಂತು ಹುಲ್ಲು ಮೇಯುತ್ತದೆ. ಒಂದು ಸೂಲಿಗೆ ಎರಡು ಮರಿ ಸಾಮಾನ್ಯ, ಮೂರೂ ಉಂಟು. ತೂಕ ನೋಡಿ ಆರಿಸುವವರು ಇದನ್ನು ತಿರುಗಿಯೂ ನೋಡೋದಿಲ್ಲ.

ಅದೇ ಕುಳ್ಳ ಕುರಿಯ ಕಥೆ ಎಷ್ಟು ದೂರ ಹೋಗಿದೆ ಗೊತ್ತೇ? 1792-93ರ ಸುಮಾರಿಗೆ ಬಂಗಾಳದಿಂದ ಕುರಿಗಳು ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಹೋದವು. ಅಲ್ಲಿ ಅವಳಿ ತ್ರಿವಳಿ ಹಾಕುವುದಕ್ಕೆ ಹೆಸರಾದ ಬೂರೂಲಾ ಮೆರಿನೋ ತಳಿಯ ಗುಣ ಇವುಗಳಿಂದಲೇ ಬಂದದ್ದು ಎನ್ನುತ್ತಾರೆ ತಜ್ಞರು. ಆ ಗುಣದ ಹಿಂದಿರುವ ಜೀನ್ ಯಾವುದು ಎಂದು 2001ರಲ್ಲಿ ಪತ್ತೆಯಾಯಿತು. ಮಹಾರಾಷ್ಟ್ರದ ಫಲಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಗರೋಲ್ ಟಗರುಗಳನ್ನು ತರಿಸಿ, ಅದೇ ಜೀನನ್ನು ಡೆಕ್ಕನಿ, ಬನ್ನೂರು ಕುರಿಗಳಿಗೆ ಸೇರಿಸಿ 'ನಾರಿ ಸುವರ್ಣ' ಮಾಡಿದರು. ಗಮನಿಸಿ, ಅವರು ಬಯಲುಸೀಮೆಯ ಕುರುಬರಿಗೆ "ಗರೋಲ್ ಸಾಕಿ" ಅನ್ನಲಿಲ್ಲ. ಬೇಕಾದ ಒಂದು ಗುಣ ತಗೊಂಡು, ಆ ನೆಲದ ಮೈಕಟ್ಟನ್ನು ಹೆಚ್ಚುಪಾಲು ಉಳಿಸಿಕೊಂಡರು. ಜಾಣತನ ಅಂದರೆ ಇದು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಕುರಿಯನ್ನು ಅದರ ಒಳ್ಳೆಯ ದಿನ ನೋಡಿ ಕೊಳ್ಳಬೇಡಿ, ನಿಮ್ಮ ಜಮೀನಿನ ಅತಿ ಕೆಟ್ಟ ತಿಂಗಳನ್ನು ನೋಡಿ ಕೊಳ್ಳಿ. ಮಳವಳ್ಳಿ, ಮಂಡ್ಯದ ಕಡೆಯವರಿಗೆ ಬನ್ನೂರು ಇದೆ. ಬಯಲುಸೀಮೆಯವರಿಗೆ ಡೆಕ್ಕನಿ, ರಾಯಚೂರು ಕೊಪ್ಪಳದ ಕಡೆ ಕೆಂಗುರಿ. ಏಪ್ರಿಲ್‌ನ ಬಿಸಿಲಲ್ಲೂ ಆಗಸ್ಟಿನ ಕೆಸರಲ್ಲೂ ನಿಮ್ಮ ಪಕ್ಕದ ಹಳ್ಳಿಯಲ್ಲಿ ಬದುಕಿ ಮರಿ ಹಾಕಿದ ಕುರಿಯೇ ನಿಮ್ಮ ಪಾಲಿಗೆ ಗಟ್ಟಿ ತಳಿ. ಅವಳಿ ಮರಿ ಆಸೆಯೂ ಅಷ್ಟೇ. ತಾಯಿಗೆ ಮೇವಿದ್ದರೆ ಅವಳಿ ಲಾಭ. ಹಾಲಿಲ್ಲದಿದ್ದರೆ ಎರಡೂ ಮರಿ ಬಡಕಲು, ತಾಯಿಯೂ ಸೋಲುತ್ತದೆ.

ಇನ್ನು ಬೇಲಿ. ಯಾರೂ ಇದರ ವೀಡಿಯೋ ತೋರಿಸೋದಿಲ್ಲ! ಹೊಟ್ಟೆ ತುಂಬಿದ, ಜೊತೆಯವರು ಪಕ್ಕದಲ್ಲಿರುವ ಕುರಿ ಬೇಲಿ ಹಾರುವುದು ಕಡಿಮೆ. ಹಸಿದದ್ದು, ಒಂಟಿಯಾದದ್ದು ಕಂಡಿ ಹುಡುಕುತ್ತದೆ. ಹಾಗಾಗಿ ಮೊದಲ ಬೇಲಿ ಅಂದರೆ ಮೇವು. ಜಾಗವನ್ನು ನಾಲ್ಕು ಭಾಗ ಮಾಡಿ ಸರದಿಯಲ್ಲಿ ಮೇಯಿಸಿದರೆ ಹುಲ್ಲಿಗೆ ಚಿಗುರಲು ಬಿಡುವು ಸಿಗುತ್ತದೆ, ಜಂತುಹುಳದ ಕಾಟವೂ ತಗ್ಗುತ್ತದೆ. ಎರಡನೆಯದು ತಂತಿ ಜಾಲರಿ. ಮುಳ್ಳುತಂತಿ ಬೇಡ, ಉಣ್ಣೆ ಸಿಕ್ಕಿಕೊಂಡು ಮೈ ಹರಿಯುತ್ತದೆ. ಕೊಂಬಿನ ಟಗರುಗಳು ದೊಡ್ಡ ಕಣ್ಣಿನ ಜಾಲರಿಯಲ್ಲಿ ತಲೆ ತೂರಿಸಿ ಸಿಕ್ಕಿಬೀಳುತ್ತವೆ. ಬನ್ನೂರು ಕುರಿಗೆ ಸಾಮಾನ್ಯವಾಗಿ ಕೊಂಬಿಲ್ಲ, ಆ ತೊಂದರೆ ಇಲ್ಲ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ರಾತ್ರಿಯ ದೊಡ್ಡಿ. ರಾತ್ರಿ ಬೇಲಿ ಇರೋದು ಕುರಿಯನ್ನು ಒಳಗಿಡೋದಕ್ಕಲ್ಲ, ಬೀದಿನಾಯಿಯನ್ನು ಹೊರಗಿಡೋದಕ್ಕೆ. ಎರಡು ನಾಯಿ ಒಂದು ರಾತ್ರಿಯಲ್ಲಿ ಒಂದು ವರ್ಷದ ದುಡಿಮೆ ಮುಗಿಸಿಬಿಡುತ್ತವೆ. ಅಲೆಮಾರಿ ಕುರಿಗಾಹಿಗಳು ರಾತ್ರಿ ಬಲೆ ಕಟ್ಟಿ, ಮರಿಗಳನ್ನು ಬೇರೆ ಕೂಡಿ, ಪಕ್ಕದಲ್ಲೇ ಕಂಬಳಿ ಹೊದ್ದು ಮಲಗೋದು ಸುಮ್ಮನೆ ಅಲ್ಲ. ನೀವು ಮನೆಯಲ್ಲಿ ಮಲಗುವುದಾದರೆ ಜಾಲರಿಯ ಬುಡವನ್ನು ಮಣ್ಣಲ್ಲಿ ಹೂಳಲೇಬೇಕು. ಮಳೆ ಹೆಚ್ಚಿರುವ ಕಡೆ ನೆಲದಿಂದ ಎತ್ತರಿಸಿದ ಹಲಗೆ ಅಟ್ಟ ಮಾಡಿದರೆ ಗೊರಸು ಕೊಳೆಯೋದೂ ಕಡಿಮೆ.

ಬೇಲಿಗೆ ಇನ್ನೊಂದು ಕೆಲಸವೂ ಇದೆ. ಮೂವತ್ತು ವರ್ಷ ಊರು ಬಿಟ್ಟು ವಾಪಸ್ ಹೋದವರನ್ನು ಊರು ಅಳೆಯೋದು ಹೇಗೆ? ನಮ್ಮ ಕುರಿ ಪಕ್ಕದವರ ರಾಗಿ ಪೈರಿಗೆ ಬಾಯಿ ಹಾಕಿದ ದಿನ! ಪೈರಿನ ದುಡ್ಡು ಕೊಟ್ಟುಬಿಡಬಹುದು. ಆದರೆ "ಪಟ್ಟಣದವರು ಬಂದು ಊರು ಮೇಯಿಸ್ತಾರೆ" ಅನ್ನೋ ಮಾತು ಹತ್ತು ವರ್ಷ ಉಳಿಯುತ್ತದೆ.

ಹಾಗಾಗಿ ಲೆಕ್ಕ ಹೀಗಿರಲಿ: ಮೊದಲು ಬೇಲಿ, ಆಮೇಲೆ ಮೇವು, ಆಮೇಲೆ ಊರ ತಳಿಯ ಹತ್ತು ಹೆಣ್ಣು ಕುರಿ, ಒಂದು ಟಗರು. ಪಿಪಿಆರ್, ಕರುಳುಬೇನೆ, ನೀಲಿ ನಾಲಿಗೆಯ ಲಸಿಕೆಗೆ ಊರ ಪಶುವೈದ್ಯರ ಪರಿಚಯ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದಮೇಲೆ ಇಪ್ಪತ್ತರ ಮಾತು. ಹೌರಾದಲ್ಲೋ ಮುಂಬೈಯಲ್ಲೋ ಕೂತು ಫೋನಿನಲ್ಲಿ ಕುರಿ ಸಾಕುತ್ತೇನೆ ಅನ್ನುವವರಿಗೆ ಮಾತ್ರ ನನ್ನದೊಂದು ನಮಸ್ಕಾರ.

ಇದರಲ್ಲಿ ನಮ್ಮ ಲಾಭ ಒಂದೇ ಅಲ್ಲ. ಅಪ್ಪಟ ಬನ್ನೂರು ಕುರಿ ಕಡಿಮೆಯಾಗುತ್ತಿದೆ. ಇಲ್ಲಿ ದೊಡ್ಡ ತಳಿಯ ಟಗರು ಕೂಡಿಸಿ ಅಪ್ಪಟ ಗರೋಲೂ ಕರಗುತ್ತಿದೆ. ಕೊಳ್ಳುವವರು ಕೇಳದೆ ಹೋದರೆ ಸಾಕುವವರು ಯಾಕೆ ಉಳಿಸುತ್ತಾರೆ? ಊರಿಗೆ ವಾಪಸ್ ಹೋಗೋದೇ ಆದರೆ, ಊರಿನ ಕುರಿಯನ್ನೇ ಕೇಳೋಣ.

ಏನಂತೀರಿ?