ಬಾಣ ಬರೆಯುವ ಮೊದಲು

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಗ್ಲೈಕಾಲಿಸಿಸ್ ಬಂದ ಕೂಡಲೇ ನಾವೆಲ್ಲ ಬಾಣಗಳನ್ನು ಬಾಯಿಪಾಠ ಮಾಡುತ್ತೇವೆ. ಜೀವಂತ ಕೋಶದೊಳಗೆ ಹೀಗೇ ನಡೆಯುತ್ತದೆಂದು ನೋಡಿದವರು ಯಾರು? ಇದನ್ನು ಯಾರೂ ಕೇಳುವುದಿಲ್ಲ, ಪರೀಕ್ಷೆಯಲ್ಲೂ ಬರುವುದಿಲ್ಲ. ನನ್ನ ತಕರಾರು ಇದೇ.

ನೋಡಲು ದಾರಿ ಇದೆ, ಅದು ಎನ್‌ಎಂಆರ್. ಪ್ರಕೃತಿಯ ಇಂಗಾಲದಲ್ಲಿ ಕಾರ್ಬನ್-13 ಇರುವುದು ಶೇ. 1.1 ಮಾತ್ರ. ಬಲವಾದ ಕಾಂತಕ್ಷೇತ್ರದಲ್ಲಿ ಅದು ರೇಡಿಯೋ ತರಂಗಕ್ಕೆ ಓಗೊಡುತ್ತದೆ, ಕಾರ್ಬನ್-12 ಸುಮ್ಮನಿರುತ್ತದೆ. ಹಾಗಾಗಿ ಗ್ಲೂಕೋಸಿನ ಮೊದಲ ಇಂಗಾಲದ ಜಾಗದಲ್ಲಿ ಕಾರ್ಬನ್-13 ಕೂರಿಸಿ ಬ್ಯಾಕ್ಟೀರಿಯಾಕ್ಕೆ ಉಣಿಸಿದರೆ, ನಮ್ಮೂರ ಖಣದಲ್ಲಿ ಬಣ್ಣದ ಎಳೆ ಹಿಡಿದು ನೋಡಿದಂತೆ ಅದರ ಹಾದಿ ಹಿಡಿಯಬಹುದು. 1978ರಲ್ಲಿ ಶುಲ್ಮನ್ ತಂಡ ಇ. ಕೋಲಿಯಲ್ಲಿ ಹೀಗೆ ನೋಡಿತು. ಆಮೇಲೆ ಪೋರ್ಚುಗಲ್‌ನ ಹೆಲೆನಾ ಸಾಂತೋಸ್ ತಂಡ ಹಾಲು ಹುಳಿಯಾಗಿಸುವ ಲ್ಯಾಕ್ಟೋಕಾಕಸ್‌ನಲ್ಲಿ ನೋಡಿತು. ಗ್ಲೂಕೋಸಿನ ಗೆರೆ ಇಳಿಯುತ್ತದೆ, ನಡುವೆ ಫ್ರಕ್ಟೋಸ್ ಬಿಸ್‌ಫಾಸ್ಫೇಟ್ ಏರಿ ಇಳಿಯುತ್ತದೆ, ಲ್ಯಾಕ್ಟಿಕ್ ಆಮ್ಲದ ಮೂರನೇ ಇಂಗಾಲದಲ್ಲಿ ಗುರುತು ಸಿಗುತ್ತದೆ. ನಮ್ಮ ಬಾಣಗಳೇ!

ಯಂತ್ರ ನಮ್ಮ ಲ್ಯಾಬಿಗೆ ತನ್ನಿ ಎನ್ನುತ್ತಿಲ್ಲ (ತಂದರೂ ಇಡಲು ಜಾಗವಿಲ್ಲ). ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್‌ಎಂಆರ್ ಸಂಶೋಧನಾ ಕೇಂದ್ರವಿದೆ. ಸಂಸ್ಥೆಯ 'ಓಪನ್ ಡೇ' ದಿನ ಯಾರು ಬೇಕಾದರೂ ಒಳಗೆ ಹೋಗಬಹುದು. ಸರ್, ಮೇಡಂ, ಈ ಸಲದ ಪ್ರವಾಸ ಅಲ್ಲಿಗಾಗಲಿ. ಅಲ್ಲಿಯವರೆಗೆ ಆ ಏರಿಳಿಯುವ ಗೆರೆಗಳನ್ನು ಮೊದಲು ಬೋರ್ಡಿನ ಮೇಲೆ ತೋರಿಸಿ, ಬಾಣಗಳನ್ನು ನಾವೇ ಹಾಕುತ್ತೇವೆ.